ತೂಕ ಇಳಿಸೋದು ಆಮೇಲೆ, ಮೊದಲು ಡಬ್ಬಿ ಎತ್ತಿ

ಕಾರವಾರದಲ್ಲಿ ಫಿಸಿಯೋಥೆರಪಿ ಶುರು ಮಾಡಿ ಹನ್ನೊಂದು ವರ್ಷ ಆಯಿತು. ಮುಟ್ಟು ನಿಂತ, 80 ಕಿಲೋ ದಾಟಿದ ಹೆಂಗಸರ ಕೈಯಲ್ಲಿ, ಮೂಳೆ ಸವೆಯದಿರಲಿ ಅಂತ, ಭಾರ ಎತ್ತಿಸುತ್ತೇನೆ ಅಂದಾಗ ನಮ್ಮ ಫೀಲ್ಡಿನವರೇ ನಕ್ಕಿದ್ದರು. "ದಪ್ಪ ಇದ್ದವರ ಮೂಳೆ ಗಟ್ಟಿ, ಮೊದಲು ತೂಕ ಇಳಿಸು" ಅಂತ ಎಲ್ಲರದ್ದೂ ಒಂದೇ ಮಾತು. ನಾನೂ ಅದನ್ನೇ ನಂಬಿದ್ದೆ. ಮೊದಲ ಬ್ಯಾಚ್ ಕೆಟ್ಟಿದ್ದೇ ಅದರಿಂದ.

ಎಂಟು ಜನ ಇದ್ದರು. ಬೆಳಿಗ್ಗೆ ಟಾಗೋರ್ ಬೀಚಿನಲ್ಲಿ ವಾಕಿಂಗ್, ರಾತ್ರಿ ಅನ್ನ ಬಂದ್. ಒಬ್ಬ ಅಕ್ಕ ನಾಲ್ಕು ತಿಂಗಳಲ್ಲಿ ಹತ್ತು ಕಿಲೋ ಇಳಿಸಿದರು, ಅವರ ಫೋಟೋ ತೋರಿಸಿಕೊಂಡು ನಾನು ಊರೆಲ್ಲ ತಿರುಗಿದ್ದೇ ತಿರುಗಿದ್ದು. ಜುಲೈ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದರು. ಪಾದದ ಗಂಟು ಮುರಿಯಿತು. ಹುಬ್ಬಳ್ಳಿಗೆ ಹೋಗಿ ಡೆಕ್ಸಾ, ಅಂದರೆ ಮೂಳೆ ಸಾಂದ್ರತೆಯ ಸ್ಕ್ಯಾನ್, ಮಾಡಿಸಿದರೆ ಸೊಂಟದ ಟಿ-ಸ್ಕೋರ್ ಮೈನಸ್ 2.3 ಹತ್ತಿರ. ಈ ಅಂಕ ಮೈನಸ್ಸಿನಲ್ಲಿ ಕೆಳಗಿಳಿದಷ್ಟೂ ಮೂಳೆ ಟೊಳ್ಳು ಅಂತ. ಇನ್ನೊಂದು ಚೂರು ಇಳಿದು ಮೈನಸ್ 2.5 ಆಗಿದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಸವೆತದ ರೋಗ) ಅಂತಲೇ ಬರೆಯುತ್ತಿದ್ದರು. "ನೀನು ಹೇಳಿದ ಹಾಗೇ ಮಾಡಿದೆನಲ್ಲೇ" ಅಂದರು, ಅಷ್ಟೇ. ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಓದಿದೆ. ದಪ್ಪ ಇದ್ದವರಿಗೆ ಸೊಂಟ ಮುರಿಯೋದು ಕಮ್ಮಿ, ಆದರೆ ಪಾದದ ಗಂಟು, ತೋಳಿನ ಮೇಲ್ಭಾಗ ಮುರಿಯೋದು ಜಾಸ್ತಿ. ವರ್ಷಗಟ್ಟಲೆ ಭಾರ ಹೊತ್ತ ಮೂಳೆಯ ಮೇಲಿಂದ ಭಾರವನ್ನು ಒಮ್ಮೆಲೇ ತೆಗೆದು ಬದಲಿಗೆ ಎತ್ತೋಕೆ ಬೇರೆ ಭಾರ ಕೊಡದಿದ್ದರೆ ಕೊಬ್ಬಿನ ಜೊತೆ ಮೂಳೆಯೂ ಕರಗುತ್ತದೆ. ವಿಟಮಿನ್ ಡಿ ಬೇರೆ ಕೊಬ್ಬಿನಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟು ಬಿಸಿಲಿನ ಊರಲ್ಲಿ ನನ್ನ ಬ್ಯಾಚಿನ ಮುಕ್ಕಾಲು ಜನಕ್ಕೆ ಡಿ ಕಮ್ಮಿ ಬಂತು!

ಎರಡನೇ ಬ್ಯಾಚಿಗೆ ಸುಮಾರು 18,000 ಸುರಿದು ಕಬ್ಬಿಣದ ಡಂಬೆಲ್ ತಂದೆ. ಒಂದೇ ಮಳೆಗಾಲ. ಸಮುದ್ರದ ಉಪ್ಪುಗಾಳಿಗೆ ಎಲ್ಲ ತುಕ್ಕು ಹಿಡಿದು, ಹೆಂಗಸರ ಚೂಡಿದಾರಕ್ಕೆಲ್ಲ ಕೆಂಪು ಕಲೆ. ಗುಜರಿಯವನು ಕೊಟ್ಟ ದುಡ್ಡು ಹೇಳೋಕೆ ನಾಚಿಕೆ. ಆಮೇಲೆ ಐದು ಲೀಟರಿನ ಎಣ್ಣೆ ಡಬ್ಬಿಗೆ ಮರಳು ತುಂಬಿದೆ. ಅದರಲ್ಲೂ ಎಡವಟ್ಟು: ಒದ್ದೆ ಮರಳಿನ ಡಬ್ಬಿ ಹತ್ತು ಕಿಲೋ ಹತ್ತಿರ, ಒಣಗಿದ್ದು ಎಂಟು. ಎರಡು ಕೈಗೆ ಎರಡು ತೂಕ ಆಗಿ ಒಬ್ಬರಿಗೆ ಒಂದೇ ಪಕ್ಕ ಸೊಂಟ ಹಿಡಿಯಿತು. ಈಗ ಮರಳನ್ನು ಚೆನ್ನಾಗಿ ಒಣಗಿಸಿ, ತೂಗಿ, ಮುಚ್ಚಳಕ್ಕೆ ಎಂ-ಸೀಲ್ ಹಾಕುತ್ತೇನೆ. ಹಿಡಿಕೆಗೆ ಬಲೆಯ ಹಗ್ಗ. ಅದನ್ನು ಹೇಗೆ ಸುತ್ತಿದ್ದೇನೆ ಅಂತ ಹೇಳಲ್ಲ, ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ. ಭಾರ ಯಾವ ವಾರ ಎಷ್ಟು ಏರಿಸೋದು ಅನ್ನೋದೂ ನನ್ನ ಡೈರಿಯಲ್ಲೇ ಇರಲಿ.

ವಾರಕ್ಕೆ ಎರಡೇ ದಿನ. ಸ್ಕ್ವಾಟ್ (ಭಾರ ಹಿಡಿದು ಕೂತು ಏಳೋದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲೋದು), ತಲೆ ಮೇಲೆ ಎತ್ತೋದು. ಬೆನ್ನುಮೂಳೆ ಮೊದಲೇ ಕುಸಿದಿದ್ದವರನ್ನು ಡಾಕ್ಟರ್ ಚೀಟಿ ಇಲ್ಲದೆ ಸೇರಿಸಿಕೊಳ್ಳಲ್ಲ.

ನಡುವೆ ಮೆಟ್ಟಿಲಿನಿಂದ ಕೆಳಕ್ಕೆ ಜಿಗಿಸಿ ನೋಡಿದೆ. ಮಂಡಿ ನೋವು ಅಂತ ನಾಲ್ಕು ಜನ ಬಿಟ್ಟೇ ಹೋದರು. ಕ್ಯಾಲ್ಸಿಯಂಗೆ ಒಣಮೀನು ತಿನ್ನಿಸಿದೆ, ಉಪ್ಪಿಗೆ ಇಬ್ಬರ ಬಿಪಿ ಏರಿತು. ಈಗ ತಾರ್ಲೆಗೆ (ಬೂತಾಯಿ ಮೀನಿಗೆ) ಕೋಕಂ ಹಾಕಿ, ಮುಳ್ಳು ಮೆತ್ತಗಾಗುವಷ್ಟು ಕುಕ್ಕರಿನಲ್ಲಿ ಬೇಯಿಸಿ, ಮುಳ್ಳಿನ ಸಮೇತ ತಿನ್ನಿ ಅನ್ನುತ್ತೇನೆ. ಸೋಮವಾರ ಮೀನು ಮುಟ್ಟದವರಿಗೆ ರಾಗಿ ಅಂಬಲಿ.

ಒಂದೂವರೆ ವರ್ಷದಲ್ಲಿ ತಲಾ ಐದಾರು ಕಿಲೋ ಇಳಿದಿದೆ, ನಿಧಾನಕ್ಕೆ. ಮತ್ತೆ ಸ್ಕ್ಯಾನ್ ಮಾಡಿಸಿದ್ದು ಇಬ್ಬರೇ, ದುಡ್ಡು ಯಾರ ಹತ್ತಿರ ಇದೆ? ಅದೇ ಮಷಿನ್ನಿನಲ್ಲೇ ಮಾಡಿಸಿದೆ. ಒಬ್ಬರದ್ದು ಸೊಂಟ ಮೈನಸ್ 2.1 ಇದ್ದದ್ದು ಮೈನಸ್ 2.0 ಆಗಿತ್ತು. ಅದು ಮಷಿನ್ನಿನ ಏರುಪೇರೂ ಇರಬಹುದು. ಹೊಟ್ಟೆ ದಪ್ಪ ಇದ್ದವರ ಬೆನ್ನಿನ ರೀಡಿಂಗ್ ಅಂತೂ ನಾನು ನಂಬೋದೇ ಇಲ್ಲ. ಆದರೆ ತೂಕ ಇಳಿದೂ ಮೂಳೆ ಇಳಿದಿಲ್ಲ, ಅಲ್ವಾ? ಕಾಲು ಮುರಿದುಕೊಂಡ ಅಕ್ಕ ಈಗ ಎರಡು ಕೈಯಲ್ಲಿ ಎರಡು ಡಬ್ಬಿ ಎತ್ತುತ್ತಾರೆ.

ಅವತ್ತು ನಕ್ಕವರಲ್ಲಿ ಒಬ್ಬರು ಹೋದ ತಿಂಗಳು ತಮ್ಮ ಅಮ್ಮನನ್ನೇ ಕಳಿಸಿದರು. ಫೀಸು ಕಮ್ಮಿ ಮಾಡಲಿಲ್ಲ.