ಗಂಟಿಲ್ಲದ ಮುದ್ದೆ, ಜೊತೆಗೆ ಹುರುಳಿಕಾಳಿನ ಬಸ್ಸಾರು

ನನ್ನ ತಂಗಿ ಮಗ ಪೊಲೀಸ್ ಕೆಲಸಕ್ಕೆ ತಯಾರಿ ಮಾಡುತ್ತಿದ್ದಾನೆ. ಮೈಸೂರಿನಲ್ಲಿ ಇಬ್ಬರು ಗೆಳೆಯರ ಜೊತೆ ಒಂದು ರೂಮು. ಬೆಳಗ್ಗೆ ಐದಕ್ಕೆ ಓಟ, ಸಂಜೆ ಕಸರತ್ತು. ಈಚೆಗೆ ಒಂದು ದಿನ ಅಲ್ಲಿಗೆ ಹೋಗಿದ್ದೆ. ಮಧ್ಯಾಹ್ನ ಮೂವರೂ ಸೇರಿ ಮುದ್ದೆ ಮಾಡಿ ಬಡಿಸಿದರು. ಮುರಿದರೆ ಒಳಗೆ ಗೋಲಿಯಷ್ಟು ದಪ್ಪದ ಗಂಟು. ಆ ಗಂಟನ್ನು ಒಡೆದರೆ ಒಣ ಹಿಟ್ಟು ಪುಡಿಪುಡಿಯಾಗಿ ತಟ್ಟೆಗೆ ಉದುರಿತು. "ಹಿಟ್ಟೇ ಸರಿ ಇಲ್ಲ ಅನ್ಸುತ್ತೆ ದೊಡ್ಡಮ್ಮ" ಅಂದ.

ಹಿಟ್ಟು ಚೆನ್ನಾಗಿಯೇ ಇತ್ತು. ಕುದಿಯುವ ನೀರಿಗೆ ಹಿಟ್ಟು ಸುರಿದ ಕೂಡಲೇ ಕೋಲು ಹಾಕಿ ತಿರುವಿದ್ದರು, ಎರಡೇ ನಿಮಿಷಕ್ಕೆ ಇಳಿಸಿದ್ದರು. ಇದೇ ತಪ್ಪನ್ನು ಎಷ್ಟೋ ಅಡುಗೆಮನೆಗಳಲ್ಲಿ ನೋಡಿದ್ದೇನೆ. ಎರಡು ಸಲ ಕೆಟ್ಟರೆ ಮೂರನೇ ಸಲ ಯಾರೂ ಕೈ ಹಾಕುವುದಿಲ್ಲ. ಆಮೇಲೆ ದಿನಾ ಹೋಟೆಲ್ ಪಾರ್ಸೆಲ್, ಮೇಲೆ ಸಾವಿರಾರು ರೂಪಾಯಿಯ ಪ್ರೋಟೀನ್ ಪುಡಿ ಡಬ್ಬ. ಮೈ ಬಗ್ಗಿಸಿ ದುಡಿಯುವವರಿಗೆ, ಓಡುವವರಿಗೆ ಮುದ್ದೆ–ಬಸ್ಸಾರಿನಷ್ಟು ಅಗ್ಗದ, ಗಟ್ಟಿ ಊಟ ಇನ್ನೊಂದಿಲ್ಲ. ಅದು ಗಂಟಿನ ಭಯಕ್ಕೆ ಕೈಬಿಟ್ಟು ಹೋಗಬಾರದು.

ಲೆಕ್ಕ ನೋಡಿ. ಒಬ್ಬರಿಗೆ ಒಂದು ಲೋಟ ಹಿಟ್ಟು, ಅಂದರೆ ಸುಮಾರು 120 ಗ್ರಾಂ. 2024–25ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂದು ದೊಡ್ಡ ಮುದ್ದೆಯ ರಾಗಿಗೆ ಐದು ರೂಪಾಯಿ ಆಸುಪಾಸು. ಅಂಗಡಿಯಲ್ಲಿ ಸ್ವಲ್ಪ ಜಾಸ್ತಿ ಆದರೂ ಹತ್ತಿಪ್ಪತ್ತು ಪಟ್ಟು ಏನೂ ಆಗುವುದಿಲ್ಲ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಅದರಿಂದ ಇಳುವರಿ ಏರಿತು. ರಾಗಿ ಇವತ್ತಿಗೂ ಎಲ್ಲರ ಕೈಗೆ ಎಟುಕುವ ಹಾಗೆ ಇರುವುದರಲ್ಲಿ ಅವರ ಪಾಲು ದೊಡ್ಡದು.

100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಸುಣ್ಣದ ಅಂಶ ಸುಮಾರು 350 ಮಿಲಿಗ್ರಾಂ. ಮೂಳೆಗೆ ಇದು ಬಹಳ ಒಳ್ಳೆಯದು. ಆದರೆ ಬರೀ ಮುದ್ದೆಯಿಂದ ಪ್ರೋಟೀನ್ ಸಾಲದು. ಪ್ರೋಟೀನಿನ ಒಂದು ಭಾಗವಾದ ಲೈಸಿನ್ ರಾಗಿಯಲ್ಲಿ ಕಡಿಮೆ, ಕಾಳಿನಲ್ಲಿ ಜಾಸ್ತಿ. ಹುರುಳಿಯಲ್ಲಿ 100 ಗ್ರಾಂಗೆ ಪ್ರೋಟೀನ್ 22 ಗ್ರಾಂ ಹತ್ತಿರ. ಒಂದು ಮುದ್ದೆ, 50 ಗ್ರಾಂ ಹುರುಳಿ, ಪಕ್ಕದಲ್ಲಿ ಒಂದು ಬೇಯಿಸಿದ ಮೊಟ್ಟೆ: ಒಂದು ಹೊತ್ತಿಗೆ 25 ಗ್ರಾಂ ಪ್ರೋಟೀನ್ ಸಿಕ್ಕಿತು. ಮೊಟ್ಟೆ ತಿನ್ನದವರು ಒಂದು ಬಟ್ಟಲು ಗಟ್ಟಿ ಮೊಸರು ಇಟ್ಟುಕೊಳ್ಳಿ.

ಮೊದಲು ಹಿಟ್ಟು

ಪ್ಯಾಕೆಟ್ ಹಿಟ್ಟು ತರಬೇಡಿ. ಅದನ್ನು ಯಾವಾಗ ಬೀಸಿದ್ದೋ, ನಾವು ನೋಡಿಲ್ಲ. ರಾಗಿಯನ್ನೇ ತನ್ನಿ. ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದರು. ಹಿಟ್ಟಿಗೆ ಆ ಆಯುಷ್ಯ ಇಲ್ಲ. ಕಲ್ಲು, ಕಸ ತೆಗೆದು, ತೊಳೆದು, ಚೆನ್ನಾಗಿ ಒಣಗಿಸಿ, ಎರಡು ಮೂರು ವಾರಕ್ಕೆ ಆಗುವಷ್ಟೇ ಗಿರಣಿಯಲ್ಲಿ ನುಣ್ಣಗೆ ಬೀಸಿಸಿ. ಮನೆಗೆ ತಂದಾಗ ಹಿಟ್ಟು ಬಿಸಿ ಇರುತ್ತದೆ. ಆರುವವರೆಗೆ ಹರವಿ, ಆಮೇಲೆ ಡಬ್ಬಕ್ಕೆ ತುಂಬಿ. ಬಿಸಿ ಹಿಟ್ಟನ್ನು ಮುಚ್ಚಿದರೆ ಬೆವರಿ ಮುಗ್ಗು ವಾಸನೆ ಹಿಡಿಯುತ್ತದೆ.

"ಐದು ನಿಮಿಷದ ಮುದ್ದೆ" ಅಂತ ಬರುವ ಮಿಕ್ಸ್ ಪ್ಯಾಕೆಟ್‌ಗಳನ್ನೂ ನಾನು ಮಾಡಿ ನೋಡಿದ್ದೇನೆ. ಬೆಲೆ ಜಾಸ್ತಿ, ರುಚಿ ಕಡಿಮೆ. ನಿಜವಾದ ಮುದ್ದೆಗೂ ಹದಿನೈದು ನಿಮಿಷ ಸಾಕು.

ಎರಡು ದಿನ ಮುಂಚೆಯೇ ಹುರುಳಿ

ಇಬ್ಬರಿಗೆ 100 ಗ್ರಾಂ ಹುರುಳಿ. ರಾತ್ರಿ ನೆನೆಸಿ, ಬೆಳಗ್ಗೆ ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಾರನೇ ದಿನಕ್ಕೆ ಮೊಳಕೆ ಬಂದಿರುತ್ತದೆ. ನೀರು ಉಳಿದರೆ ಕಾಳು ಲೋಳೆಯಾಗಿ ನಾರುತ್ತದೆ, ಅಷ್ಟು ನೋಡಿಕೊಂಡರೆ ಸಾಕು.

ಬಸ್ಸಾರು

ಮುದ್ದೆಗಿಂತ ಮುಂಚೆ ಸಾರು ಮುಗಿಸಿಕೊಳ್ಳಿ. ಮುದ್ದೆ ಕಾಯುವುದಿಲ್ಲ, ಬಿಸಿ ಆರಿದರೆ ಅದರ ಸೊಗಸು ಹೋಯಿತು.

ಮೊಳಕೆ ಕಾಳಿಗೆ ಐದು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಮೂರು ನಾಲ್ಕು ಸೀಟಿ ಕೂಗಿಸಿ. ಮುಚ್ಚಳ ತೆಗೆದು, ಹೆಚ್ಚಿದ ದಂಟಿನ ಸೊಪ್ಪು ಒಂದು ಕಟ್ಟು, ಉಪ್ಪು ಹಾಕಿ ಇನ್ನೈದು ನಿಮಿಷ ಬೇಯಿಸಿ. ಈಗ ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ಇದೇ ಕಟ್ಟು. ಬಸಿದು ಮಾಡುವ ಸಾರು ಆದ್ದರಿಂದಲೇ ಬಸ್ಸಾರು. ಕೆಲವರು ಈ ಕಟ್ಟನ್ನು ಮೋರಿಗೆ ಚೆಲ್ಲಿ ಕಾಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಕಾಳು ಸೊಪ್ಪಿನ ಸಾರವೆಲ್ಲ ಅದರಲ್ಲೇ ಇರುತ್ತದೆ.

ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಐದಾರು ಮೆಣಸಿನ ಕಾಳು, ಅರ್ಧ ಚಮಚ ಜೀರಿಗೆಯನ್ನು ಎಣ್ಣೆಯಲ್ಲಿ ಹುರಿಯಿರಿ. ಎರಡು ಚಮಚ ಸಾರಿನ ಪುಡಿ, ಒಂದು ಹಿಡಿ ಕಾಯಿತುರಿ, ಗೋಲಿ ಗಾತ್ರದ ಹುಣಸೆಹಣ್ಣು, ಬೆಂದ ಕಾಳು–ಸೊಪ್ಪು ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಕಟ್ಟಿಗೆ ಹಾಕಿ ಕುದಿಸಿ, ಸಾಸಿವೆ–ಕರಿಬೇವಿನ ಒಗ್ಗರಣೆ ಕೊಡಿ. ಕಾಯಿ ತುಟ್ಟಿ ಅನಿಸಿದರೆ ಬಿಡಿ, ಕಾಳನ್ನೇ ಒಂದು ಸೌಟು ಜಾಸ್ತಿ ರುಬ್ಬಿ. ಉಳಿದ ಕಾಳು ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಸಲ ಬೇಯಿಸಿದ್ದಕ್ಕೆ ಎರಡು ಅಡುಗೆ.

ಈಗ ಮುದ್ದೆ

ಗಂಟು ಯಾಕೆ ಆಗುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿಯಿತು. ಗೋಧಿ ಹಿಟ್ಟಿಗೆ ಇರುವ ಅಂಟು ರಾಗಿಗೆ ಇಲ್ಲ. ತಣ್ಣೀರಿನಲ್ಲಿ ಎಷ್ಟು ನಾದಿದರೂ ಅದು ಕೂಡಿಕೊಳ್ಳುವುದಿಲ್ಲ. ಬಿಸಿನೀರಿನಲ್ಲಿ ಪಿಷ್ಟ ಉಬ್ಬಿ ಅಂಟಾದಾಗಲೇ ಅದು ಮುದ್ದೆ. ಒಣ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಕ್ಷಣ ತಿರುವಿದರೆ, ಹಿಟ್ಟು ಸಣ್ಣ ಸಣ್ಣ ಉಂಡೆಯಾಗುತ್ತದೆ. ಪ್ರತಿ ಉಂಡೆಯ ಹೊರಮೈ ಕ್ಷಣದಲ್ಲಿ ಬೆಂದು ಅಂಟಾಗಿ ಸುತ್ತ ಮುಚ್ಚಿಕೊಳ್ಳುತ್ತದೆ. ಒಳಗೆ ನೀರು ಹೋಗುವ ದಾರಿಯೇ ಬಂದ್. ನನ್ನ ತಟ್ಟೆಗೆ ಉದುರಿದ್ದು ಅದೇ ಒಣ ಹಿಟ್ಟು.

ಆದ್ದರಿಂದ ಮೊದಲು ಗಂಜಿ. ಎರಡು ಲೋಟ ಹಿಟ್ಟಿಗೆ ನಾಲ್ಕು ಲೋಟ ನೀರು, ಅದೇ ಲೋಟದಲ್ಲಿ ಅಳೆಯಿರಿ. ಒಂದು ಬಟ್ಟಲು ತಣ್ಣೀರನ್ನು ಅದರಿಂದಲೇ ತೆಗೆದು, ಎರಡು ಚಮಚ ಹಿಟ್ಟು ಕದಡಿಕೊಳ್ಳಿ. ಮಿಕ್ಕ ನೀರನ್ನು ದಪ್ಪ ತಳದ ಪಾತ್ರೆಯಲ್ಲಿ ಎಸರಿಡಿ. ಅರ್ಧ ಚಮಚ ಉಪ್ಪು, ಬೇಕಾದರೆ ಒಂದು ತೊಟ್ಟು ಎಣ್ಣೆ. ನೀರು ಬಿಸಿಯಾದಾಗ ಕದಡಿದ ಹಿಟ್ಟು ಹಾಕಿ ತಿರುವುತ್ತಿರಿ. ತೆಳು ಗಂಜಿಯಾಗಿ, ನೊರೆ ಎದ್ದು, ಉಕ್ಕಲು ಬರಬೇಕು.

ಉಕ್ಕಿ ಬಂದಾಗ ಉರಿ ಸಣ್ಣ ಮಾಡಿ. ಉಳಿದ ಹಿಟ್ಟನ್ನು ಪಾತ್ರೆಯ ನಡುವೆ ಗುಡ್ಡೆಯಾಗಿ ಸುರಿಯಿರಿ. ಇಲ್ಲಿ ಕೈ ಕಟ್ಟಿಕೊಳ್ಳಿ. ತಿರುವಬೇಡಿ. ಮುದ್ದೆ ಕೋಲಿನಿಂದ ಗುಡ್ಡೆಯ ನಡುವೆ ತಳದವರೆಗೆ ಒಂದು ತೂತು ಮಾಡಿ, ಅಷ್ಟೆ. ಗಂಜಿ ಆ ತೂತಿನಿಂದ ಬುಳುಬುಳು ಅಂತ ಮೇಲೆ ಬಂದು ಗುಡ್ಡೆಯ ಮೇಲೆ ಹರಿಯುತ್ತದೆ, ಅಂಚಿನಿಂದಲೂ ಕುದಿದು ಏರುತ್ತದೆ. ಅರೆ ಮುಚ್ಚಳ ಹಾಕಿ ಏಳೆಂಟು ನಿಮಿಷ ಹಾಗೇ ಬಿಡಿ. ಹುಡುಗರು ಕೆಡಿಸಿದ್ದು ಈ ಏಳೆಂಟು ನಿಮಿಷವನ್ನು. ಗಡಿಯಾರ ನೋಡಿ, ಕೈ ಇಡಬೇಡಿ. ಗುಡ್ಡೆಯ ಮೇಲಿನ ಒಣ ಹಿಟ್ಟಿನ ಬಣ್ಣ ಗಾಢವಾಗಿ, ಹಸಿ ವಾಸನೆ ಹೋಗಿ, ಬೆಂದ ರಾಗಿಯ ಘಮ ಬರಬೇಕು. ಆಗ ತೊಳಸಲು ಹೊತ್ತಾಯಿತು.

ಪಾತ್ರೆಯನ್ನು ಇಳಿಸಿ ನೆಲದ ಮೇಲೆ ಗೋಣಿಚೀಲದ ಮೇಲಿಡಿ. ಒಂದು ಕೈಯಲ್ಲಿ ಇಕ್ಕಳದಿಂದ ಗಟ್ಟಿಯಾಗಿ ಹಿಡಿಯಿರಿ. ಹಳ್ಳಿಮನೆಗಳಲ್ಲಿ ಇದಕ್ಕೆ ಕವೆಗೋಲು ಇರುತ್ತದೆ. ಕೋಲನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಎಳೆಯಿರಿ. ಸಾಂಬಾರು ತಿರುವಿದ ಹಾಗೆ ಸುಮ್ನೆ ಸುತ್ತು ಹಾಕಿದರೆ ಆಗದು. ಹಿಟ್ಟನ್ನು ಗೋಡೆಗೆ ಉಜ್ಜಬೇಕು, ಗಂಟು ನಜ್ಜಾಗುವುದು ಅಲ್ಲೇ. ತೋಳಿಗೆ ನೋವು ಬರುತ್ತದೆ, ಬರಲಿ. ಗಟ್ಟಿ ಅನಿಸಿದರೆ ಒಂದೆರಡು ಚಮಚ ಕುದಿಯುವ ನೀರು ಚಿಮುಕಿಸಿ. ತಣ್ಣೀರು ಮಾತ್ರ ಬೇಡ. ನೀರಾಗಿದೆ ಅಂತ ಈಗ ಒಣ ಹಿಟ್ಟು ಉದುರಿಸಲೂಬೇಡಿ, ಅದು ಬೇಯದೆ ಹಸಿಯಾಗೇ ಉಳಿಯುತ್ತದೆ. ಒಲೆಯ ಮೇಲಿಟ್ಟು ಇಂಗಿಸಿ.

ಹಿಟ್ಟು ಒಂದೇ ಸಮ ಹೊಳಪಾಗಿ ಪಾತ್ರೆ ಬಿಡಲು ಶುರುವಾದಾಗ ಮತ್ತೆ ಸಣ್ಣ ಉರಿಯಲ್ಲಿ ಮುಚ್ಚಿ ಎರಡು ನಿಮಿಷ ಉಬೆಯಲ್ಲಿ ಬಿಡಿ. ಒದ್ದೆ ಬೆರಳಿನಿಂದ ಮುಟ್ಟಿ ನೋಡಿ. ಅಂಟಿದರೆ ಇನ್ನೂ ಬೆಂದಿಲ್ಲ. ಅಂಟದಿದ್ದರೆ ಆಯಿತು.

ನೀರು ಸವರಿದ ತಟ್ಟೆಗೆ ಹಿಟ್ಟು ತೋಡಿ, ಕೈ ಒದ್ದೆ ಮಾಡಿಕೊಂಡು, ಬಿಸಿ ಇರುವಾಗಲೇ ಉರುಳಿಸಿ ಕಟ್ಟಿ. ನಾನ್‌ಸ್ಟಿಕ್ ಪಾತ್ರೆಯಲ್ಲಿ ಮುದ್ದೆ ಮಾಡಬೇಡಿ. ಇಷ್ಟು ಒತ್ತಿ ತೊಳಸಿದರೆ ಅದರ ಲೇಪ ಏಳುತ್ತದೆ. ದಪ್ಪ ಅಲ್ಯುಮಿನಿಯಂ ಅಥವಾ ಸ್ಟೀಲ್ ಪಾತ್ರೆ ಸಾಕು.

ಯಾವಾಗ ತಿನ್ನಬೇಕು

ಮುದ್ದೆ ನಿಧಾನವಾಗಿ ಕರಗುತ್ತದೆ. ಓಟಕ್ಕೆ ಮುಂಚೆ ಮೂರು ಗಂಟೆಯಾದರೂ ಬಿಡುವಿರಲಿ, ಇಲ್ಲದಿದ್ದರೆ ಹೊಟ್ಟೆ ಭಾರ. ಮಧ್ಯಾಹ್ನದ ಊಟಕ್ಕೆ ಇದು ಒಳ್ಳೆಯದು. ಮೊದಲ ಸಲ ತಿನ್ನುವವರು ಅಗಿಯಬೇಡಿ, ಹಲ್ಲಿಗೆ ಮೆತ್ತುತ್ತದೆ. ನೆಲ್ಲಿಕಾಯಿ ಗಾತ್ರ ಮುರಿದು, ಸಾರಿನಲ್ಲಿ ಅದ್ದಿ, ನುಂಗಿ. ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ಕಾಳು ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತಲು ಅನುಕೂಲ. ಊಟ ಆದ ಕೂಡಲೇ ಟೀ ಕುಡಿಯಬೇಡಿ, ಒಂದು ಗಂಟೆ ತಡೆಯಿರಿ.

ಒಂದು ಮುದ್ದೆ ಉಳಿದರೆ ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಬೆಳಗ್ಗೆ ಆ ನೀರು ಚೆಲ್ಲಿ, ಕೈಯಲ್ಲೇ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಸಣ್ಣ ಈರುಳ್ಳಿ, ಒಂದು ಹಸಿಮೆಣಸಿನಕಾಯಿ ಬೆರೆಸಿ. ಓಡಿ ಬೆವರಿಳಿದು ಬಂದವರಿಗೆ ಒಂದು ದೊಡ್ಡ ಲೋಟ ಕೊಡಿ. ತಂಗಿ ಮಗನ ರೂಮಿನಲ್ಲಿ ಈಗ ಅದಕ್ಕೆಂದೇ ಎರಡು ಮುದ್ದೆ ಜಾಸ್ತಿ ಕಟ್ಟುತ್ತಾರೆ.