ನದಾ ಒಂದು ಕಡೆ, ಫುಶಿಮಿ ಒಂದು ಕಡೆ

ಒಸಾಕಾಗೆ ಬಂದ ಹೊಸದರಲ್ಲಿ ಸಾಕೆ, ಅಂದರೆ ಜಪಾನಿನ ಅಕ್ಕಿ ಮದ್ಯ, ಕೊಳ್ಳುವಾಗ ನಾನು ನೋಡುತ್ತಿದ್ದದ್ದು ಬಾಟಲಿ ಮೇಲಿನ ಶೇಕಡಾ ಮಾತ್ರ. ಅಕ್ಕಿಯನ್ನು ಪಾಲಿಶ್ ಮಾಡಿದ ಮೇಲೆ ಎಷ್ಟು ಉಳಿಯಿತು ಅನ್ನೋ ಲೆಕ್ಕ ಅದು. 60 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಿಂಜೋ, 50 ಅಥವಾ ಕಡಿಮೆ ಇದ್ದರೆ ದೈಗಿಂಜೋ. ಅಂಕಿ ಇಳಿದಷ್ಟೂ ಬೆಲೆ ಏರುತ್ತದೆ, ರುಚಿಯೂ ಏರಬೇಕಲ್ವಾ ಅಂದುಕೊಂಡು ದೈಗಿಂಜೋ ತಂದು, ಫ್ರಿಜ್‌ನಲ್ಲಿಟ್ಟು, ತಣ್ಣಗೆ ಕುಡಿಯುತ್ತಿದ್ದೆ. ಚೆನ್ನಾಗಿಯೇ ಇರುತ್ತಿತ್ತು. ಆದರೆ ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿದ್ದರೆ ತಲೆ ಕೆರೆದುಕೊಳ್ಳಬೇಕಿತ್ತು.

ನಮ್ಮ ಬೀದಿಯ ಸಾಕೆ ಅಂಗಡಿಯ ಯಜಮಾನರು ಒಂದು ದಿನ ದೈಗಿಂಜೋ ಬಾಟಲಿಯನ್ನು ನನ್ನ ಕೈಯಿಂದ ತೆಗೆದು ವಾಪಸ್ ಇಟ್ಟರು. ಬದಲಿಗೆ ಎರಡು ಸಾಧಾರಣ ಜುನ್ಮಾಯ್ ಕೊಟ್ಟರು. ಜುನ್ಮಾಯ್ ಅಂದರೆ ಬರೀ ಅಕ್ಕಿ, ಕೋಜಿ (ಬೂಷ್ಟು ಬೆಳೆಸಿದ ಅಕ್ಕಿ), ನೀರು. ಮೇಲೆ ಆಲ್ಕೋಹಾಲ್ ಸೇರಿಸಿರುವುದಿಲ್ಲ. ಒಂದು ಕೋಬೆ ಪಕ್ಕದ ನದಾದ್ದು, ಇನ್ನೊಂದು ಕ್ಯೋಟೋದ ಫುಶಿಮಿಯದ್ದು. ‘ಎರಡನ್ನೂ ಒಟ್ಟಿಗೇ ಸುರಿದುಕೊಂಡು ಕುಡಿಯಿರಿ’ ಅಂದರು, ಅಷ್ಟೇ.

ಬಿಳಿ ಪಿಂಗಾಣಿ ಬಟ್ಟಲುಗಳನ್ನೂ ಅಲ್ಲೇ ಕೊಂಡೆ. ತಳದಲ್ಲಿ ಎರಡು ನೀಲಿ ಉಂಗುರ. ಹಾವಿನ ಕಣ್ಣು ಅಂತ ಅದರ ಹೆಸರು. ಸಾಕೆ ಸುರಿದಾಗ ನೀಲಿ ಗೆರೆ ಮಸುಕಾದರೆ ತಿಳಿಯಾಗಿಲ್ಲ ಅಂತ ಅರ್ಥ, ಬಿಳಿ ಜಾಗದಲ್ಲಿ ಬಣ್ಣ ಕಾಣುತ್ತದೆ. ನದಾದ್ದರಲ್ಲಿ ಒಂಚೂರು ಹಳದಿ ಇತ್ತು. ಮೂಸಿದೆ. ಸ್ವಲ್ಪ ಬಾಯಿಗೆ ಹಾಕಿ, ನಾಲಗೆ ಮೇಲೆ ಹೊರಳಿಸಿ, ಬಾಯಿಂದಲೇ ಉಸಿರು ಎಳೆದೆ. ನದಾದ್ದು ಗಟ್ಟಿ, ಕೊನೆಗೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಫುಶಿಮಿಯದ್ದು ನಿಧಾನವಾಗಿ ಹರಡುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಸಲ ಎರಡು ಬೇರೆ ಸಾಲು ಬಿದ್ದವು.

ಕಾರಣ ನೀರು. ನದಾ ಸೀಮೆಗೇ ಸೇರಿದ ನಿಶಿನೋಮಿಯಾದ ಬಾವಿಗಳಲ್ಲಿ ಸಿಗುವ ಮಿಯಾಮಿಜು ಗಡಸು ನೀರು, ಕಬ್ಬಿಣದ ಅಂಶ ತೀರಾ ಕಡಿಮೆ. ಅದರಲ್ಲಿನ ಖನಿಜಗಳಿಂದ ಯೀಸ್ಟ್ ಜೋರಾಗಿ ಕೆಲಸ ಮಾಡುತ್ತದೆ. 1840ರಲ್ಲಿ ಯಾಮಾಮುರಾ ತಾಜಾಎಮೊನ್ ಅನ್ನುವವರು ಇದನ್ನು ಕಂಡುಕೊಂಡರಂತೆ. ಎರಡು ಊರಲ್ಲಿ ಅವರ ಭಟ್ಟಿಗಳಿದ್ದವು, ನಿಶಿನೋಮಿಯಾದ್ದೇ ಯಾವಾಗಲೂ ಚೆನ್ನ. ಅಕ್ಕಿ ಬದಲಿಸಿದರು, ಕೆಲಸದವರನ್ನು ಬದಲಿಸಿದರು, ಕೊನೆಗೆ ನೀರನ್ನೇ ಹೊತ್ತು ತಂದರು, ಆಗ ಗೊತ್ತಾಯಿತು. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಪಾತ್ರೆ ಬೆಳ್ಳಗಾಗುವುದನ್ನು ನೋಡಿ ಬೆಳೆದ ನನಗೆ ಇದು ಯಾವ ಸೀಮೆ ಗಡಸು ಅನ್ನಿಸಿತು, ಆ ಮಾತು ಬೇರೆ.

ಫುಶಿಮಿಯ ನೀರು ಅದಕ್ಕಿಂತ ಮೆದು. ಅಲ್ಲಿಗೆ ರೈಲಲ್ಲಿ ಹೋಗಿ ಗೋಕೋನೋಮಿಯಾ ದೇವಸ್ಥಾನದ ನೀರನ್ನೇ ಕುಡಿದು ಬಂದೆ. ಜನ ಕ್ಯಾನ್ ಹಿಡಿದು ಸಾಲಲ್ಲಿ ನಿಂತಿದ್ದರು. ನಾನೂ ಒಂದು ಬಾಟಲಿ ತುಂಬಿಸಿಕೊಂಡೆ. ಅವತ್ತು ಸಂಜೆ ಸಾಕೆ ಒಂದು ಗುಟುಕು, ಆ ನೀರು ಒಂದು ಗುಟುಕು. ಸಾಕೆ ಜೊತೆ ನೀರು ಕುಡಿಯುವುದು ಇಲ್ಲಿನ ರೂಢಿಯೇ, ಯಾವಾರಗಿ ಮಿಜು ಅಂತಾರೆ. ಮೊದಲೇ ಗೊತ್ತಿದ್ದರೆ ಎಷ್ಟೋ ಭಾನುವಾರ ಬೆಳಗ್ಗೆಗಳು ಉಳಿಯುತ್ತಿದ್ದವು.

ನನಗೆ ಜಾಸ್ತಿ ಕಷ್ಟವಾದದ್ದು ಪದಗಳು. ಸಾಕೆಯ ಪರಿಮಳಕ್ಕೆ ಇಲ್ಲಿಯವರು ಮೆಲನ್, ನಾಶಿ (ಜಪಾನಿ ಪೇರ್) ಹಣ್ಣು ಅಂತಾರೆ. ಸುಮ್ನೆ ತಲೆಯಾಡಿಸುತ್ತಿದ್ದೆ. ಈಗ ನನ್ನ ಅಡುಗೆಮನೆಯ ಮಾತಲ್ಲೇ ಬರೆದುಕೊಳ್ಳುತ್ತೇನೆ: ಕಳಿತ ಬಾಳೆಹಣ್ಣು, ಗಂಜಿ ತಿಳಿ, ರಾತ್ರಿ ಉಬ್ಬಿದ ದೋಸೆ ಹಿಟ್ಟು. ಅನ್ನ ತಿಂದು ಬೆಳೆದ ಮೂಗಿಗೆ ಅಕ್ಕಿಯ ವಾಸನೆಗಳು ಚೆನ್ನಾಗಿಯೇ ಗೊತ್ತು, ಕೇಳಿಸಿಕೊಳ್ಳಬೇಕಷ್ಟೇ.

ಆಮೇಲೆ ಬಿಸಿ. ಹಾಲು ಕಾಯಿಸುವ ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಸಾಕೆ ತುಂಬಿದ ತೊಕ್ಕುರಿ ಹೂಜಿಯನ್ನು ಅದರಲ್ಲಿ ನಿಲ್ಲಿಸುತ್ತೇನೆ. ಎರಡು ಮೂರು ನಿಮಿಷ. 40 ಡಿಗ್ರಿಗೆ ನುರುಕಾನ್, 50ಕ್ಕೆ ಅತ್ಸುಕಾನ್ ಅಂತ ಹೆಸರು. ಉತ್ಸಾಹದಲ್ಲಿ ಒಮ್ಮೆ ದುಬಾರಿ ದೈಗಿಂಜೋವನ್ನೂ ಹೀಗೆ ಕಾಯಿಸಿ ಅದರ ಹೂವಿನ ಪರಿಮಳವನ್ನೆಲ್ಲ ಚಿಮಣಿಗೆ ಕಳಿಸಿದೆ. ನದಾದ ಜುನ್ಮಾಯ್ ಮಾತ್ರ 45ಕ್ಕೆ ಬಂದಾಗ ಬೇರೆಯೇ ಆಯಿತು. ಒರಟು ಹೋಗಿ, ಬಿಸಿ ಅನ್ನದ ಆವಿಯಂಥ ಸಿಹಿ ಬಂತು.

ಊರಿಂದ ಬಂದ ಗೆಳೆಯನಿಗೆ ಇದನ್ನೇ ಕೊಟ್ಟೆ. ‘ಹೆಸರೇ ಸಾಕೇ ಅಂತ ಕೇಳುತ್ತಲ್ಲೋ’ ಅಂತ ನಕ್ಕು ಬಟ್ಟಲು ಮುಂದೆ ಚಾಚಿದ. ಅವನು ತಂದಿದ್ದ ಮಜ್ಜಿಗೆ ಮೆಣಸಿನಕಾಯಿ ಕರಿದೆವು. ಆ ಉಪ್ಪು, ಹುಳಿ, ಖಾರದ ಮುಂದೆ ಫುಶಿಮಿ ಮಾತೇ ಆಡಲಿಲ್ಲ. ಬಿಸಿ ನದಾ ನಿಂತುಕೊಂಡಿತು.

ಈಗ ಹಿರೋಷಿಮಾದ ಅಕಿತ್ಸು ಊರಿನ ಬಾಟಲಿ ಫ್ರಿಜ್‌ನಲ್ಲಿದೆ. ಅಲ್ಲಿನ ನೀರು ತುಂಬಾ ಮೆದು. ಅಂಥ ನೀರಲ್ಲೂ ಒಳ್ಳೆ ಸಾಕೆ ಮಾಡುವ ಬಗೆಯನ್ನು ಅಲ್ಲಿಯ ಸಾಕೆ ತಯಾರಕ ಮಿಉರಾ ಸೆನ್‌ಜಾಬುರೋ 1898ರಲ್ಲೇ ಪುಸ್ತಕ ಮಾಡಿ ಹಂಚಿದ್ದರು. ಶನಿವಾರ ಮೂರು ಬಟ್ಟಲು ಇಡಬೇಕು.