ಟೂ-ಟೂ ರೈಫಲ್‌ನಿಂದ ಖಾಲಿ ಕೇಸ್ ಹೊರಬೀಳದಿದ್ದರೆ: ನನ್ನ ಅನುಭವ

ಬಳ್ಳಾರಿ ಕಡೆ ಶೂಟಿಂಗ್ ಕಲಿಯುವವರ ಪಾಯಿಂಟ್ ಟೂ-ಟೂ (.22) ಟಾರ್ಗೆಟ್ ರೈಫಲ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಇಲ್ಲಿ ಪದೇಪದೇ ಕೇಳಿಬರುವ ದೂರು ಒಂದೇ: "ಸರ್, ಕೇಸ್ ಹೊರಗ ಬರವಲ್ದು." ಕೇಸ್ ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ. ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ದೋಷಗಳಿರುತ್ತವೆ. ಕೈಯಿಂದ ಹಿಂದೆ ಮುಂದೆ ಎಳೆಯುವ ಬೋಲ್ಟ್ ಹಿಂದಕ್ಕೆ ಬಂದರೂ ಕೇಸ್ ಚೇಂಬರ್‌ನಲ್ಲೇ, ಅಂದರೆ ಬ್ಯಾರಲ್‌ನ ಹಿಂಬದಿಯಲ್ಲಿ ಗುಂಡು ಕೂರುವ ಗೂಡಿನಲ್ಲೇ, ಉಳಿಯಬಹುದು. ಚೇಂಬರ್ ಬಿಟ್ಟು ಬಂದರೂ ಬೋಲ್ಟ್‌ನ ಮುಖಕ್ಕೇ ಕಚ್ಚಿಕೊಂಡಿರಬಹುದು. ಇಲ್ಲವೇ ಎರಡನ್ನೂ ಬಿಟ್ಟು, ಗುಂಡು ಇಟ್ಟು ಒಳಗೆ ತಳ್ಳುವ ಲೋಡಿಂಗ್ ತಟ್ಟೆಯ ಮೇಲೆ ಬಿದ್ದು ಹೊರಳಾಡಬಹುದು. ಮೊದಲನೆಯದರಲ್ಲಿ, ಕೇಸನ್ನು ಹೊರಕ್ಕೆ ಚಿಮ್ಮಿಸುವ ಇಜೆಕ್ಟರ್‌ನ ಪಾತ್ರವೇ ಇಲ್ಲ. ಅಲ್ಲಿ ನೋಡಬೇಕಾದ್ದು ಚೇಂಬರ್ ಮತ್ತು ಎಕ್ಸ್‌ಟ್ರಾಕ್ಟರ್, ಅಂದರೆ ಕೇಸನ್ನು ಹಿಡಿದು ಚೇಂಬರ್‌ನಿಂದ ಎಳೆಯುವ ಬೋಲ್ಟ್‌ನ ಕೊಕ್ಕೆ. ಆದರೂ ಹೆಚ್ಚಿನವರು ಕೇಳುವುದು "ಇಜೆಕ್ಟರ್ ಬದಲಿಸಬೇಕಾ?" ಅಂತಲೇ. ನಾನು ಮಾತ್ರ ಯಾವ ಬಿಡಿಭಾಗವನ್ನೂ ಮುಟ್ಟುವ ಮುಂಚೆ ಹಾರಿಸಿದ ಕೇಸನ್ನು ಕೈಗೆ ತೆಗೆದುಕೊಳ್ಳುತ್ತೇನೆ. ದೋಷ ಎಲ್ಲಿದೆ ಅನ್ನುವುದು ಬಹುಪಾಲು ಅದರ ಮೈಮೇಲೆಯೇ ಗುರುತಾಗಿರುತ್ತದೆ.

ಯಾಕೆಂದು ಅಳತೆ ನೋಡಿದರೆ ತಿಳಿಯುತ್ತದೆ. .22 ಲಾಂಗ್ ರೈಫಲ್ ಕೇಸ್‌ನ ರಿಮ್ (ಹಿಂಬದಿಯ ಅಗಲ ಅಂಚು) ಸುಮಾರು 7.06 ಮಿ.ಮೀ., ಮೈಯ ವ್ಯಾಸ ಸುಮಾರು 5.74 ಮಿ.ಮೀ. ಅಂದರೆ ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆಗೆ ಹಿಡಿಯಲು ಸಿಗುವ ಅಂಚು ಒಂದು ಬದಿಗೆ 0.66 ಮಿ.ಮೀ. ಮಾತ್ರ. ಮೇಲಾಗಿ ಅದು ತೆಳು ಹಿತ್ತಾಳೆ. ಕೊಕ್ಕೆಯ ಹಿಂದೆ ಒಂದಿಷ್ಟು ಮಸಿ ಗಟ್ಟಿಯಾಗಿ ಕೂತರೂ ಸಾಕು, ಹಿಡಿತ ಅರ್ಧಕ್ಕಿಳಿಯುತ್ತದೆ.

ಕೆಲಸ ಶುರುವಾಗುವ ಮುಂಚೆ ಬ್ಯಾರಲ್ ಗುಂಡು ಹೋಗುವ ದಿಕ್ಕಿಗಿರಬೇಕು, ಮ್ಯಾಗಜಿನ್ ಇದ್ದರೆ ಹೊರಗೆ ತೆಗೆದಿರಬೇಕು, ಬೋಲ್ಟ್ ಕಳಚಿ ಚೇಂಬರ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡಿರಬೇಕು. ಕೆಲಸದ ಮೇಜಿನ ಮೇಲೆ ಜೀವಂತ ಗುಂಡು ಒಂದೂ ಇರಕೂಡದು. ಗುಂಡು ಹಾರದೆ ಉಳಿದಿದ್ದರೆ ಬ್ಯಾರಲ್ ಟಾರ್ಗೆಟ್ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾದು ಆಮೇಲೆ ಬೋಲ್ಟ್ ತೆರೆಯಬೇಕು.

ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ಚೇಂಬರ್ ಇರುವ ರೈಫಲ್‌ನಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಕಲಿಯುವವರಿಗೆ ನಾನು ಒತ್ತಿ ಹೇಳುತ್ತೇನೆ. ಇಂಥ ಚೇಂಬರ್ ಬಿಗಿಯಾಗಿರುತ್ತದೆ. ಬೋಲ್ಟ್ ಮುಚ್ಚಿದಾಗ ಗುಂಡಿನಿಂದ ಹಾರಿಹೋಗುವ ಸೀಸದ ತುದಿ, ಅಂದರೆ ಬುಲೆಟ್ಟಿನ ಮುಂಭಾಗ, ಬ್ಯಾರಲ್ ಒಳಗೆ ಕೊರೆದ ರೈಫ್ಲಿಂಗ್ ಗೆರೆಗಳಿಗೆ ಒತ್ತಿ ಕೂರುತ್ತದೆ. ಹಾರಿಸದೆ ಹೊರಗೆಳೆದರೆ ಕೇಸ್ ಮಾತ್ರ ಬಂದು ಬುಲೆಟ್ ಒಳಗೇ ಉಳಿಯುವುದುಂಟು, ಮದ್ದಿನ ಪುಡಿ ಟ್ರಿಗರ್ ಕಡೆಗೆ ಚೆಲ್ಲುವುದೂ ಉಂಟು. ಹೊರಬಂದ ಗುಂಡಿಗೆ ಬುಲೆಟ್ ಇದೆಯೇ ಎಂದು ಪ್ರತಿ ಸಲ ನೋಡಬೇಕು. ಇಲ್ಲವಾದರೆ ಮುಂದಿನ ಗುಂಡು ಹಾಕಲೇಕೂಡದು, ರೈಫಲ್ ರೇಂಜ್ ಆಫೀಸರ್ ಕೈಗೆ ಹೋಗಬೇಕು. ಇದೇ ಕಾರಣಕ್ಕೆ ಎಕ್ಸ್‌ಟ್ರಾಕ್ಟರ್ ಪರೀಕ್ಷೆಗೆ ಜೀವಂತ ಗುಂಡನ್ನು ನಾನು ಬಳಸುವುದೇ ಇಲ್ಲ. ಹಾರಿಸಿದ ಕೇಸ್ ಸಾಕು.

ಈಗ ಆ ಕೇಸಿಗೆ ಬರೋಣ. ಒಳ್ಳೆಯ ಬೆಳಕಿನಲ್ಲಿ, ಗಡಿಯಾರ ರಿಪೇರಿಯವರು ಬಳಸುವಂಥ 10 ಪಟ್ಟಿನ ಭೂತಗನ್ನಡಿ ಹಿಡಿದು ಮೊದಲು ರಿಮ್ ನೋಡಿ. ಕೊಕ್ಕೆ ಕೂತ ಜಾಗದಲ್ಲಿ ಹಿತ್ತಾಳೆ ಕಿತ್ತು ಬಂದಿದ್ದರೆ ಅಥವಾ ರಿಮ್ ಹಿಂದಕ್ಕೆ ಬಾಗಿದ್ದರೆ ಕೊಕ್ಕೆ ಚೆನ್ನಾಗಿ ಹಿಡಿದಿದೆ, ಕೇಸೇ ಬಿಟ್ಟುಕೊಟ್ಟಿಲ್ಲ; ಚೇಂಬರ್ ಪರೀಕ್ಷಿಸಿ. ರಿಮ್ ಮೇಲೆ ಗುರುತೇ ಇಲ್ಲ ಅಥವಾ ಅಂಚಿನಲ್ಲಿ ಸಣ್ಣಗೆ ಜಾರಿದ ಗೀರು ಮಾತ್ರ ಇದ್ದರೆ ಕೊಕ್ಕೆ ಹಿಡಿದೇ ಇಲ್ಲ, ಎಕ್ಸ್‌ಟ್ರಾಕ್ಟರ್ ಬಿಚ್ಚಬೇಕು. ಆಮೇಲೆ ಕೇಸಿನ ಮೈಯನ್ನು ನಿಧಾನಕ್ಕೆ ತಿರುಗಿಸಿ ನೋಡಿ. ಸುತ್ತಲೂ ಮಸಿ ಹಿಡಿದು ಮಂಕಾಗಿದ್ದರೆ ಚೇಂಬರ್ ಕೊಳೆಯಾಗಿದೆ. ಉದ್ದಕ್ಕೆ ಒಂದೇ ಒಂದು ಹೊಳೆಯುವ ಗೀರಿದ್ದು, ಅದು ರಿಮ್ಮಿಗೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ನಿನ ಗುರುತಿಗೆ ನೇರವಾಗಿ ಬರುತ್ತಿದ್ದರೆ ವಿಷಯ ಗಂಭೀರ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಚೇಂಬರ್ ಕೊಳೆ ಯಾಕಾಗುತ್ತದೆ ಅನ್ನುವುದಕ್ಕೆ ಗುಂಡಿನ ರಚನೆಯೇ ಕಾರಣ. .22ರ ಬುಲೆಟ್ ಮತ್ತು ಕೇಸ್ ಹೆಚ್ಚುಕಡಿಮೆ ಒಂದೇ ದಪ್ಪ, ಬುಲೆಟ್ಟಿನ ಹಿಂಬದಿ ಮಾತ್ರ ಸಣ್ಣದಾಗಿ ಕೇಸಿನೊಳಗೆ ಕೂತಿರುತ್ತದೆ. ಹಾಗಾಗಿ ಅದಕ್ಕೆ ಸವರಿದ ಮೇಣ ಹೊರಗೇ ಇರುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಆ ಮೇಣ ಮೆತ್ತಗಾಗಿ ಕೈಗೆ, ಪೆಟ್ಟಿಗೆಗೆ, ಧೂಳಿಗೆ ಎಲ್ಲಕ್ಕೂ ಅಂಟುತ್ತದೆ. ಬೈಕಿನ ಡಿಕ್ಕಿಯಲ್ಲಿ ಅಥವಾ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಗುಂಡಿನ ಪೆಟ್ಟಿಗೆ ಬಿಟ್ಟರೆ ಮೇಣ ಒಂದು ಬದಿಗೆ ಇಳಿದು ಗಡ್ಡೆ ಕಟ್ಟುತ್ತದೆ. ಚೇಂಬರ್‌ನೊಳಗೆ ಹೋದ ಮೇಣ, ಮದ್ದಿನ ಮಸಿ, ಸೀಸ ಎಲ್ಲ ಸೇರಿ ಕೇಸಿನ ಬಾಯಿ ಮುಗಿಯುವ ಜಾಗದ ಮುಂದೆ ಒಂದು ಗಟ್ಟಿ ಉಂಗುರವಾಗಿ ನಿಲ್ಲುತ್ತದೆ. ಹೊಸ ಗುಂಡು ಹಾಕುವಾಗ ಕೊನೆಯಲ್ಲಿ ಹೆಬ್ಬೆರಳಿನಿಂದ ಒತ್ತಬೇಕಾಗಿ ಬಂದರೆ ಆ ಉಂಗುರ ಬೆಳೆದಿದೆ ಅಂತಲೇ ಲೆಕ್ಕ.

ಇದರ ಜೊತೆಗೆ ನಮ್ಮ ಸೀಮೆಯ ಧೂಳು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಕಬ್ಬಿಣದ ಅದಿರಿನದು, ಅಂದರೆ ಹೆಮಟೈಟ್. ಲೋಹಕ್ಕೆ, ಮಸೂರಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಗಂಗಾವತಿ, ಸಿಂಧನೂರು ಕಡೆ ರೈಸ್‌ಮಿಲ್‌ಗಳ ಹೊಟ್ಟಿನ ಬೂದಿಯಲ್ಲಂತೂ ಬಹುಪಾಲು ಸಿಲಿಕಾ. ಇವೆರಡೂ ಎಣ್ಣೆಗೆ ಸೇರಿದರೆ ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ಹಾಗಾಗಿ "ಎಣ್ಣೆ ಜಾಸ್ತಿ ಹಾಕಿದರೆ ಸಲೀಸು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೋಲ್ಟನ್ನು ಬೀಗದಂತೆ ಹಿಡಿಯುವ ಲಗ್‌ಗಳಿಗೆ ಒಂದು ಹನಿ ಎಣ್ಣೆ, ಫೈರಿಂಗ್ ಪಿನ್ ಹಿಂದಕ್ಕೆ ಸರಿದು ಕಾಕ್ (ಸಜ್ಜು) ಆಗುವ ಇಳಿಜಾರಿಗೆ ಗುಂಡುಸೂಜಿ ತಲೆಯಷ್ಟು ಗ್ರೀಸ್, ಅಷ್ಟೇ. ಬೋಲ್ಟ್ ಮುಖಕ್ಕೂ ಚೇಂಬರ್‌ಗೂ ಎಣ್ಣೆ ಬೇಡ. ಚೇಂಬರ್‌ನಲ್ಲಿ ಎಣ್ಣೆಯಿದ್ದರೆ ಕೇಸ್ ಗೋಡೆಗೆ ಹಿಡಿದು ನಿಲ್ಲದೆ ಬೋಲ್ಟ್ ಮೇಲಿನ ಒತ್ತಡ ಹೆಚ್ಚುತ್ತದೆ.

ಚೇಂಬರ್ ತೊಳೆಯುವ ಕ್ರಮ ಹೀಗೆ. ರೈಫಲನ್ನು ಅದನ್ನು ಹಿಡಿದು ನಿಲ್ಲಿಸುವ ತೊಟ್ಟಿಲಿನ (ಸ್ಟ್ಯಾಂಡ್) ಮೇಲೆ ಮೂತಿ ಸ್ವಲ್ಪ ಕೆಳಗಿರುವಂತೆ ಇಡಬೇಕು, ಇಲ್ಲದಿದ್ದರೆ ಸಾಲ್ವೆಂಟ್ ಟ್ರಿಗರ್‌ಗೆ ಇಳಿಯುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಕಾರ್ಬನ್ ಕರಗಿಸುವ ಸಾಲ್ವೆಂಟಿನಲ್ಲಿ ಅದ್ದಿ ಚೇಂಬರ್‌ನ ಪೂರ್ತಿ ಉದ್ದಕ್ಕೆ ಸವರಿ 10ರಿಂದ 15 ನಿಮಿಷ ಬಿಡಿ. ಕೇಸ್ 15.6 ಮಿ.ಮೀ. ಉದ್ದ ಇರುವುದರಿಂದ ಉಂಗುರ ಸಿಗುವುದು ಅದಕ್ಕಿಂತ ಸ್ವಲ್ಪ ಮುಂದೆ; ಕಡ್ಡಿ ಅಲ್ಲಿಯವರೆಗೆ ಹೋಗಬೇಕು. ಆಮೇಲೆ ರಾಡ್ ನೇರವಾಗಿ ಹೋಗಲು ಬೋರ್ ಗೈಡ್ ಎಂಬ ಕೊಳವೆ ಹಾಕಿ, .22 ಅಳತೆಯ ಕಂಚಿನ ಬ್ರಷ್ಷನ್ನು ಹಿಂಬದಿಯಿಂದ ತೂರಿಸಿ ಆ ಜಾಗ ದಾಟಿಸಿ ಮೂತಿಯವರೆಗೂ ನಿಧಾನಕ್ಕೆ ತಳ್ಳಿ. ಬ್ರಷ್ ಬ್ಯಾರಲ್ ಒಳಗಿರುವಾಗ ದಿಕ್ಕು ಬದಲಿಸಬಾರದು, ಮೂತಿಯಿಂದ ಪೂರ್ತಿ ಹೊರಬಂದ ಮೇಲೆ ಬಿಚ್ಚಿ ರಾಡ್ ಎಳೆದುಕೊಳ್ಳಬೇಕು. ಕೊನೆಗೆ ಒಣ ಬಟ್ಟೆ ತುಂಡುಗಳನ್ನು ಅವು ಒಣದಾಗಿಯೇ ಹೊರಬರುವ ತನಕ ಹಾಯಿಸಿ. ಉಕ್ಕಿನ ಮೊಳೆ, ಸ್ಕ್ರೂಡ್ರೈವರ್, ಚಾಕುವಿನ ತುದಿ ಚೇಂಬರ್ ಹತ್ತಿರ ಸುಳಿಯಬಾರದು. ಕೆಲಸ ಮುಗಿದ ಮೇಲೆ ಕೈ ಸೋಪು ಹಚ್ಚಿ ತೊಳೆಯಿರಿ. ಆ ಮಸಿಯಲ್ಲಿ ಸೀಸ ಇರುತ್ತದೆ, ಅದೇ ಕೈಯಲ್ಲಿ ಒಗ್ಗರಣೆ-ಮಿರ್ಚಿ ತಿನ್ನುವ ಹುಡುಗರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ತೊಳೆದ ಮೇಲೂ ಕೇಸ್ ಬಿಗಿಯುತ್ತಿದ್ದರೆ ಆ ಒಂಟಿ ಗೀರನ್ನು ನೆನಪಿಸಿಕೊಳ್ಳಿ. ಖಾಲಿ ಚೇಂಬರ್ ಮೇಲೆ ಟ್ರಿಗರ್ ಒತ್ತುತ್ತಾ ಅಭ್ಯಾಸ ಮಾಡಿದರೆ, ಕೆಲವು ರೈಫಲ್‌ಗಳಲ್ಲಿ ಫೈರಿಂಗ್ ಪಿನ್ ನೇರವಾಗಿ ಚೇಂಬರ್‌ನ ಬಾಯಂಚಿಗೇ ಬಡಿಯುತ್ತದೆ. ಅಲ್ಲಿ ಕುಳಿಯಾಗಿ, ಕಬ್ಬಿಣ ಒಳಕ್ಕೆ ಉಬ್ಬಿ ಮುಳ್ಳಾಗುತ್ತದೆ. ಹಾರಿಸಿದಾಗ ಹಿಗ್ಗಿದ ಹಿತ್ತಾಳೆ ಆ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಪತ್ತೆ ಮಾಡಲು ಹತ್ತಿ ಕಡ್ಡಿಯನ್ನು ಬಾಯಂಚಿನ ಸುತ್ತ ತಿರುಗಿಸಿ ಹೊರಗೆಳೆಯಿರಿ. ಮುಳ್ಳಿದ್ದರೆ ಅಲ್ಲೇ ಹತ್ತಿಯ ಎಳೆ ಹಿಡಿದುಕೊಳ್ಳುತ್ತದೆ. ಇದನ್ನು ಅರದಿಂದ ಉಜ್ಜಬಾರದು. ಉಜ್ಜಿದರೆ ಲೋಹ ಹೋಗಿ ಆ ಜಾಗದಲ್ಲಿ ಕೇಸಿಗೆ ಆಧಾರ ತಪ್ಪುತ್ತದೆ. ಉಬ್ಬಿದ ಲೋಹವನ್ನು ಹಿಂದಕ್ಕೆ ಒತ್ತಿ ಕೂರಿಸುವ ಚೇಂಬರ್ ಐರನ್ ಎಂಬ ಸಾಧನವಿದೆ, ಅದು ಲೈಸೆನ್ಸ್ ಇರುವ ಆರ್ಮರರ್, ಅಂದರೆ ಬಂದೂಕು ರಿಪೇರಿಯವರ ಕೆಲಸ. ಹೀಗೆ ಗುಂಡಿಲ್ಲದೆ ಮಾಡುವ ಡ್ರೈ ಫೈರ್ ಅಭ್ಯಾಸಕ್ಕೆ ಟ್ರಿಗರ್‌ನಲ್ಲೇ ಅದರ ವ್ಯವಸ್ಥೆ ಇರುವ ಮ್ಯಾಚ್ ರೈಫಲ್ ಬಳಸಿ, ಇಲ್ಲವೇ ಸರಿಯಾದ ಸ್ನ್ಯಾಪ್ ಕ್ಯಾಪ್ (ಅಭ್ಯಾಸದ ನಕಲಿ ಗುಂಡು) ಹಾಕಿ.

ಎಕ್ಸ್‌ಟ್ರಾಕ್ಟರ್ ಪರೀಕ್ಷೆ ಸುಲಭ. ಬೋಲ್ಟ್ ಹೊರತೆಗೆದು, ಹಾರಿಸಿದ ಕೇಸಿನ ರಿಮ್ಮನ್ನು ಕೊಕ್ಕೆಯ ಕೆಳಗೆ ಜಾರಿಸಿ ಬೋಲ್ಟನ್ನು ಅಡ್ಡ ಹಿಡಿಯಿರಿ. ಕೇಸ್ ನೇರವಾಗಿ ನಿಲ್ಲಬೇಕು, ಮೆಲ್ಲಗೆ ಅಲುಗಿಸಿದರೂ ಬೀಳಬಾರದು. ಅದರ ಮುಂತುದಿ ಕೆಳಕ್ಕೆ ಜೋತರೆ ಅಥವಾ ಅದು ಜಾರಿದರೆ ಕೊಕ್ಕೆಯ ಹಿಂದಿನ ಕೊಳೆಯನ್ನು ಹಲ್ಲುಕಡ್ಡಿಯಿಂದ ಕೆರೆದು ಮತ್ತೆ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇಲ್ಲದಿದ್ದರೆ ಬಿಚ್ಚಬೇಕು. ಒಳಗಿನ ಸ್ಪ್ರಿಂಗ್, ಅದು ತಳ್ಳುವ ಪ್ಲಂಜರ್ ಎಂಬ ಕಡ್ಡಿ ಕಣ್ಣಿಗೆ ಸಿಗದಷ್ಟು ಸಣ್ಣವು, ಹಾರಿಹೋದರೆ ಸಿಗುವುದಿಲ್ಲ. ಬೋಲ್ಟನ್ನೂ ಎರಡೂ ಕೈಯನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡೇ ಬಿಚ್ಚಿ, ಕನ್ನಡಕವನ್ನೂ ಹಾಕಿಕೊಳ್ಳಿ. ಕೊಕ್ಕೆಯ ಅಂಚು ದುಂಡಗಾಗಿದ್ದರೆ ಹೊಸದು ಹಾಕಿ. ಸೋತ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಹಾಕುವವರಿದ್ದಾರೆ. ಅದು ಎರಡು ದಿನ ಕೆಲಸ ಮಾಡಿ ಮತ್ತೆ ಸೋಲುತ್ತದೆ. ಎರಡು ಕೊಕ್ಕೆಗಳಿರುವ ಬೋಲ್ಟ್‌ನಲ್ಲಿ ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಲವು ಮಾದರಿಗಳಲ್ಲಿ ಒಂದು ಚೂಪಾಗಿ ಎಳೆಯುವುದಕ್ಕೆ, ಇನ್ನೊಂದು ಬರೀ ಹಿಡಿದು ಬಿಡುವುದಕ್ಕೆ. ಅವು ಅದಲುಬದಲಾದರೆ ಕೇಸ್ ಚೆನ್ನಾಗಿ ಬರುತ್ತದೆ, ಆದರೆ ಬೋಲ್ಟ್ ಬಿಟ್ಟು ಹೋಗುವುದಿಲ್ಲ.

ಕೇಸ್ ಬೋಲ್ಟ್ ಮುಖದಲ್ಲೇ ಉಳಿಯುವುದಕ್ಕೂ ತಟ್ಟೆಯ ಮೇಲೆ ಬೀಳುವುದಕ್ಕೂ ಬಹಳ ಸಲ ಶೂಟರ್‌ನ ಕೈಯೇ ಕಾರಣ. ಇಜೆಕ್ಟರ್ ಅನ್ನುವುದು ಹೆಚ್ಚಿನ ಟೂ-ಟೂಗಳಲ್ಲಿ ಬೋಲ್ಟ್ ಓಡಾಡುವ ರಿಸೀವರ್‌ಗೆ ಬಿಗಿದ ಒಂದು ಸಣ್ಣ ಪಟ್ಟಿ. ಬೋಲ್ಟ್ ಪೂರ್ತಿ ಹಿಂದಕ್ಕೆ ಬಂದಾಗ ರಿಮ್ ಅದಕ್ಕೆ ತಾಗಿ ಕೇಸ್ ಚಿಮ್ಮುತ್ತದೆ. ಪ್ರೋನ್ ಭಂಗಿಯಲ್ಲಿ ತೋಳಿಗೆ ಸ್ಲಿಂಗ್ (ರೈಫಲ್ ಪಟ್ಟಿ) ಬಿಗಿದು ಬೋರಲು ಮಲಗಿದವರು ಭಂಗಿ ಕೆಡದಿರಲಿ ಎಂದು ಬೋಲ್ಟನ್ನು ಮುಕ್ಕಾಲು ಮಾತ್ರ ಎಳೆಯುತ್ತಾರೆ, ಅದೂ ಮೆಲ್ಲಗೆ. ರಿಮ್ ಇಜೆಕ್ಟರ್ ಪಟ್ಟಿಗೆ ತಾಗುವುದೇ ಇಲ್ಲ. ರೈಫಲನ್ನು ಮೇಜಿನ ಮೇಲಿಟ್ಟು ಪೂರ್ತಿ ಎಳೆದು ನೋಡಿ. ಅಲ್ಲಿ ಚಿಮ್ಮಿ, ಭಂಗಿಯಲ್ಲಿ ಚಿಮ್ಮದಿದ್ದರೆ ರೈಫಲ್‌ಗೆ ಏನೂ ಮಾಡಬೇಡಿ. ಮೇಜಿನ ಮೇಲೂ ಚಿಮ್ಮದಿದ್ದರೆ ಪಟ್ಟಿ ಬಾಗಿದೆಯೇ, ಸವೆದಿದೆಯೇ, ಅದರ ಸ್ಕ್ರೂ ಸಡಿಲವೇ ನೋಡಿ. ಸ್ಟಾಕ್ (ರೈಫಲ್‌ನ ಹಿಡಿಕೆಯ ಭಾಗ) ಬದಲಿಸಿದ ಮೇಲೆ ದೋಷ ಶುರುವಾಗಿದ್ದರೆ ಅದನ್ನು ರಿಸೀವರ್‌ಗೆ ಬಿಗಿಯುವ ಆಕ್ಷನ್ ಸ್ಕ್ರೂಗಳ ಉದ್ದ ಅಳೆಯಿರಿ. ಅರ್ಧ ಮಿ.ಮೀ. ಹೆಚ್ಚಿದ್ದರೂ ತುದಿ ಬೋಲ್ಟ್‌ನ ದಾರಿಗೆ ತಲೆ ಹಾಕಿ ಅದನ್ನು ಕೊನೆಯವರೆಗೆ ಬರಲು ಬಿಡದಿರಬಹುದು.

ರಿಪೇರಿ ಆದ ಮೇಲೆ ರೇಂಜ್‌ನಲ್ಲಿ ಒಂದೇ ಲಾಟ್‌ನ (ಒಟ್ಟಿಗೆ ತಯಾರಾದ ಸರಕಿನ) 10 ಗುಂಡು ಹಾರಿಸಿ, ಪ್ರತಿ ಕೇಸನ್ನೂ ಹಾರಿದ ಕ್ರಮದಲ್ಲೇ ಸಾಲಾಗಿ ಇಡಿ, ರಿಮ್ ಗುರುತುಗಳನ್ನು ಹೋಲಿಸಿ. ಬಳಿಕ ಬೇರೆ ಬ್ರ್ಯಾಂಡಿನ 10. ರಿಮ್‌ನ ದಪ್ಪ, ಹಿತ್ತಾಳೆಯ ಗಡಸು, ಮೇಣ ಎಲ್ಲ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತವೆ. ಒಂದರಲ್ಲಿ ಸರಾಗ, ಇನ್ನೊಂದರಲ್ಲಿ ಬಿಗಿ ಅಂದರೆ ಆ ಚೇಂಬರ್‌ಗೆ ಆ ಗುಂಡು ಹೊಂದುತ್ತಿಲ್ಲ. ಲಾಟ್ ಸಂಖ್ಯೆ ಬರೆದ ಪೆಟ್ಟಿಗೆಯ ಮುಚ್ಚಳವನ್ನು ಕತ್ತರಿಸಿ ರೈಫಲ್‌ನ ದಾಖಲೆ ಪುಸ್ತಕಕ್ಕೆ ಅಂಟಿಸಿಡಿ, ಮುಂದಿನ ಖರೀದಿಗೆ ಅದನ್ನೇ ತೋರಿಸಿ ಕೇಳಬಹುದು.